ಗುರುವಾರದ ಬೆಂಚು

ಲತಾಮಣಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿದೆ, ಅದೂ ನಾಲ್ಕನೆಯ ಹಂತ ಮುಟ್ಟಿದೆ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದ ದಿನ ಅವಳು ಅಳಲಿಲ್ಲ. ಪಕ್ಕದಲ್ಲಿದ್ದ ತಾಯಿ ದೇವೀರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಾಗಲೂ ಅವಳ ಕಣ್ಣು ಒದ್ದೆಯಾಗಲಿಲ್ಲ. ಅವಳ ಗಮನವೆಲ್ಲ ಬೇರೆ ಕಡೆಗಿತ್ತು. ಅಲ್ಲಿನ ಡಾಕ್ಟರಮ್ಮ, ಇನ್ನೂ ಮೂವತ್ತು ದಾಟಿರದವಳು, ಇವರು ಅರಸೀಕೆರೆಯಿಂದ ತಂದಿದ್ದ ಹಳೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು. ಅದು ಜನವರಿಯಲ್ಲಿ ತೆಗೆಸಿದ್ದು. ಈಗ ಸೆಪ್ಟೆಂಬರ್. ಬಲಗಡೆ ಮೇಲ್ಭಾಗದಲ್ಲಿ ಎಂಟಾಣೆಯಗಲದ ಒಂದು ಬಿಳಿ ಮಚ್ಚೆಯ ಮೇಲೆ ಬೆರಳಿಟ್ಟು, "ಇದು ಆಗಲೇ ಇತ್ತಲ್ಲ. ಇದರ ಜೊತೆ ರಿಪೋರ್ಟ್ ಬಂದಿರಲಿಲ್ವಾ?" ಎಂದು ಕೇಳಿದಳು.

ಆ ಪ್ರಶ್ನೆಯನ್ನು ಲತಾಮಣಿ ರೈಲಿನಲ್ಲಿ ಅರಸೀಕೆರೆಯವರೆಗೂ ಹೊತ್ತುಕೊಂಡು ಬಂದಳು.

ಅವಳಿಗೆ ಆಗ ನಲವತ್ತೇಳು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು ಮತ್ತೆ ಅತ್ತ ತಲೆ ಹಾಕಿರಲಿಲ್ಲ. ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ರೆಕಾರ್ಡ್ ರೂಮು ಅವಳ ಕೈಯಲ್ಲಿತ್ತು. ಹತ್ತೊಂಬತ್ತು ವರ್ಷ ಹಳೇಬೀಡಿನ ಮೇಲೆ ಹೋಗುವ ಅದೇ ಬಸ್ಸು, ಅದೇ ಕಿಟಕಿ ಸೀಟು. ಅವಳ ಕೈಸೇರಿದ ಕಾಗದ ಕಳೆದುಹೋಯಿತು ಎಂಬ ಮಾತು ಆ ಕಚೇರಿಯಲ್ಲಿ ಹುಟ್ಟಿರಲಿಲ್ಲ. ಅವಳ ತಂದೆ ಗಿಡ್ಡಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಹಿಂದೊಮ್ಮೆ ಒಂದು ಹೋಟೆಲಿನಲ್ಲಿ ತನಗೆಂದು ಹೊರಗಿಟ್ಟ ಬೇರೆ ಲೋಟವನ್ನು ಎತ್ತಿ ಬೀದಿಗೆ ಒಗೆದು ಬಂದವನು, ಸಾಯುವವರೆಗೂ ಹೊರಗೆ ಕಾಫಿ ಕುಡಿಯಲಿಲ್ಲ. ಮನೆಯಲ್ಲಿ ಬುದ್ಧನ ಪಟ ತಂದಿಟ್ಟವನೂ ಅವನೇ.

ಆ ವರ್ಷದ ಜನವರಿಯಲ್ಲಿ ಕೆಮ್ಮು ಬಿಡದಾದಾಗ ಲತಾಮಣಿ ಹೋದದ್ದು ಡಾಕ್ಟರ್ ಇಂದ್ರೇಶ್ ಹತ್ತಿರ. ಅರಸೀಕೆರೆಯಲ್ಲಿ ಇಪ್ಪತ್ತು ವರ್ಷದ ಕ್ಲಿನಿಕ್ಕು, ಕೈಗುಣ ಚೆನ್ನಾಗಿದೆ ಎಂಬ ಹೆಸರು, ಬೆಳಿಗ್ಗೆ ಎಂಟಕ್ಕೇ ಟೋಕನ್ನಿಗೆ ಸಾಲು. ಅವರು ಹಾಸನಕ್ಕೆ ಕಳಿಸಿ ಎಕ್ಸ್‌ರೇ ತೆಗೆಸಿದರು, ಫಿಲ್ಮನ್ನು ಕಿಟಕಿಗೆ ಒಂದು ಕ್ಷಣ ಹಿಡಿದು ಟಿಬಿ ಅಂದರು, ಮಾತ್ರೆ ಶುರು ಮಾಡಿದರು. ಎಂಟು ತಿಂಗಳು ಅವಳು ಆ ಮಾತ್ರೆಗಳನ್ನು ನುಂಗಿದಳು. ಮೂತ್ರ ಕೆಂಪಾಯಿತು, ಬಾಯಿ ಕಹಿಯಾಯಿತು, ಕೆಮ್ಮು ಮಾತ್ರ ಹೋಗಲಿಲ್ಲ. ಟಿಬಿಯಂತೆ ಎಂಬ ಸುದ್ದಿ ಕಚೇರಿಗೆ ಮುಟ್ಟಿದ ಮೇಲೆ ಅವಳ ಕುರ್ಚಿ ವರಾಂಡಕ್ಕೆ ಬಂತು. ಕಾಫಿ ತರುವವನು ಅವಳ ಲೋಟವನ್ನು ಬೇರೆಯಾಗಿ ಕಿಟಕಿಯ ಕಟ್ಟೆಯ ಮೇಲೆ ಇಡತೊಡಗಿದ. ಯಾರೂ ಒರಟು ಮಾತಾಡಲಿಲ್ಲ, ಎಲ್ಲ ನಯವಾಗಿಯೇ ನಡೆಯಿತು. ಲತಾಮಣಿ ಆ ಲೋಟ ಮುಟ್ಟಲಿಲ್ಲ. ಈ ಸಂಗತಿಯನ್ನು ತಾಯಿಗೂ ಹೇಳಲಿಲ್ಲ.

ಎರಡು ಸಲ ಅವಳು ಡಾಕ್ಟರನ್ನು ಕೇಳಿದ್ದಳು, ಇನ್ನೊಂದು ಪರೀಕ್ಷೆ ಮಾಡಿಸಬಹುದಾ ಎಂದು. ಎರಡನೆಯ ಸಲ ಕೇಳಿದಾಗ ಬಾಗಿಲು ತೆರೆದಿತ್ತು, ಹೊರಗಿನ ಬೆಂಚುಗಳ ತುಂಬ ಜನವಿದ್ದರು. ಇಂದ್ರೇಶ್ ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ, "ಎಕ್ಸ್‌ರೇ ನೋಡೋದನ್ನ ನಿಮ್ಮಂಥೋರಿಂದ ಕಲೀಬೇಕಾ ನಾನು? ಸುಮ್ನೆ ಮಾತ್ರೆ ನುಂಗಮ್ಮ" ಅಂದಿದ್ದರು. ಬೆಂಚಿನ ಮೇಲೆ ಯಾರೋ ಕಿಸಕ್ಕೆಂದಿದ್ದರು.

ಸೆಪ್ಟೆಂಬರಿನಲ್ಲಿ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಕರವಸ್ತ್ರದ ತುಂಬ ರಕ್ತ ಬಂತು. ಆಮೇಲೆ ಬೆಂಗಳೂರು.

ಬೆಂಗಳೂರಿನಿಂದ ಬಂದ ಮರುದಿನವೇ ಅವಳು ಇಂದ್ರೇಶರ ಕ್ಲಿನಿಕ್ಕಿಗೆ ಹೋಗಿ, ಜನವರಿಯ ಫಿಲ್ಮಿನ ಜೊತೆಗಿದ್ದ ರಿಪೋರ್ಟ್ ಬೇಕೆಂದಳು. ರಿಪೋರ್ಟು ಗಿಪೋರ್ಟು ಏನೂ ಬಂದಿರಲಿಲ್ಲ, ಹಾಸನದವರು ಬರೀ ಫಿಲ್ಮ್ ಕಳಿಸಿದ್ದರು ಎಂದರು ಡಾಕ್ಟರು. ಅವಳ ಕಾಯಿಲೆಯ ಹೆಸರು ಕೇಳಿ ಅವರ ಮುಖ ಒಂದಿಷ್ಟು ಬಿಳಿಚಿತು. ಅಷ್ಟೇ. ಲತಾಮಣಿ ವಾದ ಮಾಡಲಿಲ್ಲ. ಕಾಗದ ಪಡೆದವನು ಕಳೆಯಬಹುದು, ಆದರೆ ಕಳಿಸಿದವನ ಹತ್ತಿರ ಕಚೇರಿ ಪ್ರತಿ ಇದ್ದೇ ಇರುತ್ತದೆ ಎಂಬುದು ಅವಳಿಗೆ ಯಾರೂ ಕಲಿಸಬೇಕಾದ ವಿಷಯವಾಗಿರಲಿಲ್ಲ.

ಹಾಸನದ ಆ ಎಕ್ಸ್‌ರೇ ಸೆಂಟರಿನವರು ಹಳೆಯ ಪ್ರತಿಗಳೆಲ್ಲ ಅಟ್ಟದ ಮೇಲಿವೆ, ಹುಡುಕಲು ಆಳಿಲ್ಲ ಎಂದರು. ಅವಳೇ ಏಣಿ ಹತ್ತಿದಳು. ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಹಿಡಿದುಕೊಂಡು ಮೇಲೆ ಹೋಗಿ, ಧೂಳಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಎರಡು ತಾಸು ಕಟ್ಟು ಬಿಚ್ಚಿದಳು. ಜನವರಿ ಹದಿನಾರರ ಕಟ್ಟಿನಲ್ಲಿ ಅವಳ ಹೆಸರಿನ ಕಾರ್ಬನ್ ಪ್ರತಿ ಸಿಕ್ಕಿತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಗಂಟು ಕಾಣುತ್ತಿದೆ, ಕ್ಯಾನ್ಸರ್ ಇರುವ ಸಂಭವವಿದೆ, ತಡಮಾಡದೆ ಸ್ಕ್ಯಾನ್ ಮಾಡಿಸಬೇಕು ಎಂದು ಇಂಗ್ಲಿಷಿನಲ್ಲಿ ಮೂರು ಸಾಲು. ಬಟವಾಡೆ ಪುಸ್ತಕದಲ್ಲಿ ಅದನ್ನು ಪಡೆದುಕೊಂಡವನ ಸಹಿಯೂ ಇತ್ತು: ಪುಟ್ಟಸ್ವಾಮಿ. ಇಂದ್ರೇಶರ ಕಾಂಪೌಂಡರ್.

ಅಲ್ಲಿ, ಆ ಅಟ್ಟದ ಮೇಲೆ, ಲತಾಮಣಿ ಅತ್ತಳು. ಅಳುವಿನಲ್ಲಿ ದುಃಖ ಕಾಲುಭಾಗವಿದ್ದಿದ್ದರೆ ಹೆಚ್ಚು. ಏಣಿ ಇಳಿಯುವಾಗ ಅವಳಿಗೆ ಒಂದು ಸಂಗತಿ ಖಚಿತವಾಗಿತ್ತು. ಉಳಿದಿರುವುದು ಎಷ್ಟೇ ದಿನವಾಗಿರಲಿ, ಆ ಮನುಷ್ಯನನ್ನು ಬಿಡಬಾರದು.

ಪುಟ್ಟಸ್ವಾಮಿಯನ್ನು ಅವಳು ಸಂತೆಯಲ್ಲಿ ಹಿಡಿದಳು. ಸಹಿಯ ನಕಲು ತೋರಿಸಿದ ಮೇಲೆ ಅವನು ಸುಳ್ಳು ಹೇಳಲಿಲ್ಲ. ಕವರು ತಂದು ಡಾಕ್ಟರ ಮೇಜಿನ ಮೇಲೆ ಇಟ್ಟವನು ತಾನೇ, ಅವರು ಒಡೆದು ಓದಿದ್ದನ್ನು ನೋಡಿದವನೂ ತಾನೇ ಎಂದ. ಇದನ್ನು ಯಾರ ಮುಂದೆಯೂ ಹೇಳುವ ಧೈರ್ಯ ತನಗಿಲ್ಲ, ಆದರೆ ಬೇರೆ ಏನಾದರೂ ಆಗುವುದಿದ್ದರೆ ಮಾಡುತ್ತೇನೆ ಎಂದು ತಲೆ ತಗ್ಗಿಸಿದ.

ಹಾಸನದ ವಕೀಲರೊಬ್ಬರು ಕಾಗದಗಳನ್ನೆಲ್ಲ ನೋಡಿ ಕೇಸು ಗಟ್ಟಿಯಿದೆ, ಮೂರು ನಾಲ್ಕು ವರ್ಷ ಹಿಡಿಯಬಹುದು ಎಂದರು. ಬೆಂಗಳೂರಿನ ಡಾಕ್ಟರಮ್ಮ ಅವಳಿಗೆ ಹೇಳಿದ್ದು ಹೆಚ್ಚೆಂದರೆ ಒಂದು ವರ್ಷ. ಲತಾಮಣಿ ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದುಬಂದಳು.

ಅಷ್ಟರಲ್ಲಿ ಕೀಮೋ ಶುರುವಾಗಿತ್ತು. ಇಪ್ಪತ್ತೊಂದು ದಿನಕ್ಕೊಮ್ಮೆ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬೆಂಗಳೂರಿಗೆ ಪಯಣ. ಮೊದಲ ಸಲ ಹತ್ತಿದಾಗ, ಅವಳ ಕೈಯಲ್ಲಿದ್ದ ಆಸ್ಪತ್ರೆಯ ಕಡತವನ್ನು ನೋಡಿ ಒಬ್ಬ ಮುದುಕ ಕಿಟಕಿ ಪಕ್ಕದಿಂದ ಸರಿದು ಜಾಗ ಬಿಟ್ಟ. ಅವನ ತೊಡೆಯ ಮೇಲೂ ಅಂಥದೇ ಕಡತವಿತ್ತು. ಹೆಸರು ತಮ್ಮಯ್ಯ, ಬಾಣಾವರದವನು, ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತನಾದವನು. ಅವನಿಗೂ ಶ್ವಾಸಕೋಶದ್ದೇ. ಅವನ ರೈಲು ಬಾಣಾವರ ಬಿಟ್ಟು ಅರಸೀಕೆರೆಗೆ ಬರುವುದರಿಂದ, ಮುಂದಿನ ಸಲದಿಂದ ಅವನು ಟವೆಲು ಹಾಸಿ ಅವಳಿಗೂ ಅವಳ ತಾಯಿಗೂ ಸೀಟು ಹಿಡಿಯತೊಡಗಿದ. ಅದೇ ಬೋಗಿಗೆ ಅರಸೀಕೆರೆಯಲ್ಲಿ ಇನ್ನೊಬ್ಬರು ಹತ್ತುತ್ತಿದ್ದರು, ಕಣಕಟ್ಟೆಯ ಶಾಂತಾದೇವಿ. ತೆಂಗಿನ ತೋಟದ ದೊಡ್ಡ ಮನೆತನದ ವಿಧವೆ, ಕೊರಳಲ್ಲಿ ಬೆಳ್ಳಿ ಕರಡಿಗೆ, ಮಠದ ನಡೆನುಡಿ. ಸ್ತನದಲ್ಲಿ ಶುರುವಾದದ್ದು ಅವರಿಗೆ ಶ್ವಾಸಕೋಶಕ್ಕೆ ಇಳಿದಿತ್ತು. ಮೊದಲ ದಿನ ತಿಪಟೂರು ದಾಟುತ್ತಿರುವಾಗ ಶಾಂತಾದೇವಿಗೆ ವಾಂತಿಯಾಯಿತು. ಲತಾಮಣಿ ತನ್ನ ನೀರಿನ ಬಾಟಲಿ ಕೊಡಲೋ ಬೇಡವೋ ಎಂದು ಹಿಡಿದುಕೊಂಡೇ ಇದ್ದಳು. ಅವರು ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಬಾಯಿ ಕಚ್ಚಿ ಗಟಗಟನೆ ಕುಡಿದು, ಸೆರಗಿನಲ್ಲಿ ಮೂತಿ ಒರೆಸಿ ವಾಪಸು ಕೊಟ್ಟರು. ಲತಾಮಣಿಯೂ ಅದರಿಂದಲೇ ಕುಡಿದಳು. ವರಾಂಡದ ಲೋಟದ ಕಥೆಯನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಅವತ್ತೇ ಮೊದಲು. ದೇವೀರಮ್ಮನೂ ಕೇಳಿದ್ದು ಅವತ್ತೇ.

ಕೂದಲು ಉದುರಿತು, ಉಗುರು ಕಪ್ಪಾಯಿತು, ನಾಲಗೆಗೆ ಉಪ್ಪು ಗೊತ್ತಾಗದಾಯಿತು. ಯಾವ ದಿನ ಗಂಜಿ ಸೇರುತ್ತದೆ, ಯಾವ ದಿನ ನಿಂಬೆಹಣ್ಣು ಮೂಸಿದರೂ ಸಾಕು ಎಂಬುದನ್ನೆಲ್ಲ ಆ ಮೂವರೂ ರೈಲಿನಲ್ಲೇ ಒಬ್ಬರಿಂದೊಬ್ಬರು ಕಲಿತರು. ಮನೆಯವರಿಗೆ ಹೇಳಲಾಗದ್ದು ಅಲ್ಲಿ ಸಲೀಸಾಗಿ ಬರುತ್ತಿತ್ತು. ಡಾಕ್ಟರ್ ಇಂದ್ರೇಶರ ಮೇಲಿನ ಹಗೆಯನ್ನೂ ಅವಳು ಅಲ್ಲೇ ಹೇಳಿದಳು. ಶಾಂತಾದೇವಿ ಪೂರ್ತಿ ಕೇಳಿಸಿಕೊಂಡು, ಆಮೇಲೆ, ಇಂದ್ರೇಶ್ ತಮ್ಮ ಓರಗಿತ್ತಿಯ ಮಗ ಎಂದರು. ಆ ದಿನ ಯಶವಂತಪುರದವರೆಗೂ ಲತಾಮಣಿ ಕಿಟಕಿಯ ಹೊರಗೇ ನೋಡುತ್ತ ಕುಳಿತಳು.

ಡಿಸೆಂಬರಿನ ಮೊದಲ ಗುರುವಾರ ಲತಾಮಣಿ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು, ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಎಕ್ಸ್‌ರೇ ಮತ್ತು ಕಾರ್ಬನ್ ಪ್ರತಿಯ ನಕಲು ಹಿಡಿದು ಇಂದ್ರೇಶರ ಕ್ಲಿನಿಕ್ಕಿಗೆ ಹೋದಳು. ಗುರುವಾರ ಅಲ್ಲಿ ಹಳ್ಳಿಗಳಿಂದ ಬರುವವರ ಗದ್ದಲ ಹೆಚ್ಚು. ಪುಟ್ಟಸ್ವಾಮಿ ಅವಳಿಗೆ ಕೊನೆಯ ಟೋಕನ್ ಕೊಟ್ಟ, ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವಂಥದ್ದು. ಅವಳು ಬೆಂಚಿನ ತುದಿಯಲ್ಲಿ ಕುಳಿತಳು. ಪಕ್ಕದವರು ಏನು ಕಾಯಿಲೆ ಎಂದು ಕೇಳಿದಾಗ ಹೇಳಿದಳು. ಎಕ್ಸ್‌ರೇ ತೋರಿಸಿದಳು, ಮಚ್ಚೆ ತೋರಿಸಿದಳು, ಮೂರು ಸಾಲುಗಳನ್ನು ಕನ್ನಡದಲ್ಲಿ ಓದಿದಳು. ದನಿ ಏರಿಸಲಿಲ್ಲ. ಏರಿಸುವಷ್ಟು ಉಸಿರೂ ಇರಲಿಲ್ಲ. ಕೊನೆಗೆ ಪ್ರತಿಯೊಬ್ಬರಿಗೂ ಒಂದೇ ಮಾತು: "ನಿಮ್ಮ ರಿಪೋರ್ಟು ನೀವು ಓದಿದೀರಾ? ಓದೋಕೆ ಬರದಿದ್ರೆ ಕೊಡಿ, ನಾನು ಓದಿ ಹೇಳ್ತೀನಿ."

ಮುಂದಿನ ಗುರುವಾರ ಮತ್ತೆ ಹೋದಳು. ಅದರ ಮುಂದಿನ ಗುರುವಾರ ಇಂದ್ರೇಶ್ ಪೊಲೀಸಿನವನನ್ನು ಕರೆಸಿದರು. ಅವಳು ಟೋಕನ್ ತೋರಿಸಿ, ತಾನು ರೋಗಿ, ಕೆಮ್ಮಿದೆ, ಸರದಿಗೆ ಕಾಯುತ್ತಿದ್ದೇನೆ ಎಂದಳು. ಅವಳು ಕೆಮ್ಮಿದ್ದನ್ನು ನೋಡಿ ಆ ಪೇದೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದ.

ನಾಲ್ಕನೆಯ ಗುರುವಾರ ತಮ್ಮಯ್ಯ ಬಾಣಾವರದಿಂದ ಬಂದು ಅವಳ ಪಕ್ಕ ಕುಳಿತ. ಬೆಂಚಿನಲ್ಲಿದ್ದವರಿಗೆಲ್ಲ ಕೇಳುವಂತೆ, "ನಾನು ನಲ್ವತ್ತು ವರ್ಸ ಬೀಡಿ ಸೇದಿ ತಂದ್ಕಂಡಿದ್ದು ಕಣ್ರಪ್ಪಾ. ನನ್ ತಪ್ಪು ನಂದೇ. ಈವಮ್ಮಂಗ್ ಆಗಿದ್ದು ಯಾರ್ ತಪ್ಪು ಅಂತ ಒಳಗಡೆ ಕೂತವ್ರನ್ನ ಕೇಳಿ" ಎಂದ. ಜನವರಿಯಲ್ಲಿ ಶಾಂತಾದೇವಿ ಬಂದರು. ರೋಗಿಯನ್ನು ಬೀಳ್ಕೊಡಲು ಬಾಗಿಲಿಗೆ ಬಂದ ಇಂದ್ರೇಶ್ ಬೆಂಚಿನ ಮೇಲೆ ಅವರನ್ನು ಕಂಡು, "ಚಿಕ್ಕಮ್ಮ, ನೀವೂನಾ?" ಎಂದರು. ಅವರು, ಕೂರಲು ಜಾಗವಿದೆಯಲ್ಲಪ್ಪ, ಕೂತಿದ್ದೇನೆ ಎಂದರು.

ಜನ ರಿಪೋರ್ಟು ಕೇಳತೊಡಗಿದರು. ಮಾತ್ರೆ ಯಾಕೆ, ಎಷ್ಟು ದಿನ ಎಂದು ಕೇಳತೊಡಗಿದರು. ಉತ್ತರಿಸಿ ಅಭ್ಯಾಸವಿಲ್ಲದ ಇಂದ್ರೇಶ್ ರೇಗಿದರು. ರೇಗಿದಷ್ಟೂ ಬೆಂಚು ಖಾಲಿಯಾಯಿತು. ಲತಾಮಣಿಗೆ ಇದು ಔಷಧಿಗಿಂತ ಹಿತವಾಗಿತ್ತು. ಬುಧವಾರ ಸಂಜೆಯಿಂದಲೇ ಅವಳಿಗೆ ಹಸಿವಾಗುತ್ತಿತ್ತು. ದೇವೀರಮ್ಮ ಇದನ್ನು ಗಮನಿಸಿ ಗುರುವಾರಗಳಂದು ಮುದ್ದೆ ಬಸ್ಸಾರು ಮಾಡತೊಡಗಿದಳು.

ಫೆಬ್ರವರಿಯಲ್ಲಿ ತಮ್ಮಯ್ಯ ತೀರಿಕೊಂಡ. ಮಣ್ಣಿಗೆ ಲತಾಮಣಿ, ದೇವೀರಮ್ಮ, ಶಾಂತಾದೇವಿ ಮೂವರೂ ಹೋಗಿದ್ದರು. ಮುಂದಿನ ಗುರುವಾರ ಅವನ ಹೆಂಡತಿ ಮಾದಮ್ಮ ಯಾರೂ ಕರೆಯದೆ ಬಂದು ಅವನು ಕೂರುತ್ತಿದ್ದ ಜಾಗದಲ್ಲಿ ಕುಳಿತಳು. ಓದುಬರಹ ಬಾರದವಳು. "ಅವ್ರು ಓಗ್ಬೇಕು ಅಂತಿದ್ರು, ಬಂದಿವ್ನಿ" ಎಂದಳು, ಅಷ್ಟೇ.

ಮಾರ್ಚಿನಲ್ಲೊಂದು ದಿನ ಹುಲಿಕೆರೆಯ ಮುದ್ದಮ್ಮ ಎಂಬ ಮುದುಕಿ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದವಳು ಲತಾಮಣಿಯ ಮುಂದೆ ನಿಂತಳು. ಈ ಮಗುವಿಗೆ ಫಿಟ್ಸ್ ಬಂದಾಗ ಬೇರೆ ಯಾವ ಡಾಕ್ಟರೂ ಬಾಗಿಲು ತೆಗೆಯಲಿಲ್ಲ, ಈತ ಊಟದ ಎಲೆ ಬಿಟ್ಟು ಎದ್ದು ಬಂದ ಎಂದಳು. "ನಿಂಗ್ ಆಗಿದ್ದು ಅನ್ಯಾಯ್ವೇ ಕಣವ್ವ. ಆದ್ರೆ ಇವನ್ನೂ ಓಡಿಸ್ಬುಟ್ರೆ ನಾವ್ ಯಾರ್ ತಾವ್ಕೆ ಓಗಾನ?" ಲತಾಮಣಿ ಅಂದು ಮನೆಗೆ ಹೋಗಿ ಮುದ್ದೆ ಮುಟ್ಟಲಿಲ್ಲ. ಆದರೂ ಮುಂದಿನ ಗುರುವಾರ ಹೋದಳು.

ಏಪ್ರಿಲಿನ ಒಂದು ಮಧ್ಯಾಹ್ನ ಇಂದ್ರೇಶ್ ಸೇಬಿನ ಚೀಲ ಹಿಡಿದು ಅವಳ ಮನೆಗೇ ಬಂದರು. ಶಾಂತಾದೇವಿ, ಮಾದಮ್ಮ ಇಬ್ಬರೂ ಅಲ್ಲಿದ್ದರು. ದೇವೀರಮ್ಮ ಕುರ್ಚಿ ಹಾಕಿದಳು, ನೀರು ಕೊಡಲಿಲ್ಲ. ಈಗ ಅವರ ಬಾಯಲ್ಲಿ ಮೇಡಂ ಬಂದಿತ್ತು. ನಿಮಗೆ ಏನು ಬೇಕು ಹೇಳಿ, ಯಾವ ಆಸ್ಪತ್ರೆ ಬೇಕಾದರೂ ತೋರಿಸುತ್ತೇನೆ ಎಂದರು. ಲತಾಮಣಿ ಒಂದು ಹಾಳೆ, ಪೆನ್ನು ಮುಂದಿಟ್ಟಳು.

"ನಡೆದಿದ್ದು ಬರೆದು ಕೊಡಿ."

"ಬರ್ಕೊಟ್ರೆ ಬೆಂಚಿಗೆ ಬರೋದು ನಿಲ್ಲಿಸ್ತೀರಾ?"

"ನಿಲ್ಲಿಸ್ತೀನಿ."

ಅವರು ನಾಲ್ಕು ಸಾಲು ಬರೆದರು. ವರದಿಯು ನನ್ನ ಗಮನಕ್ಕೆ ಬಾರದೆ ಹೋಗಿರಬಹುದು ಎಂದಿತ್ತು. ಲತಾಮಣಿ ಓದಿ, ಆ ಸಾಲಿನ ಮೇಲೆ ಗೆರೆ ಎಳೆದು ಹಾಳೆಯನ್ನು ತಿರುಗಿಸಿ ಅವರ ಮುಂದೆ ತಳ್ಳಿದಳು. ಓದಿದ್ದೆ ಎಂದು ಬರೆಯಿರಿ ಎಂದಳು. ಅವರು ಪೆನ್ನು ಹಿಡಿದು ಕುಳಿತೇ ಇದ್ದರು. ಹೊರಗೆ ಪಾತ್ರೆ ಕಲಾಯಿಯವನು ಕೂಗಿಕೊಂಡು ಹೋದದ್ದು ಕೇಳಿಸಿತು.

"ಬರಿ, ಇಂದ್ರೇಶ" ಎಂದರು ಶಾಂತಾದೇವಿ.

ಬರೆದರು. ದಿನಾಂಕ ಹಾಕಿಸಿದಳು, ಹೆಸರಿನ ಕೆಳಗೆ ನೋಂದಣಿ ಸಂಖ್ಯೆ ಹಾಕಿಸಿದಳು. ಮಾದಮ್ಮನ ಹೆಬ್ಬೆಟ್ಟು, ಶಾಂತಾದೇವಿಯ ಸಹಿ ಸಾಕ್ಷಿಗೆ ಬಿದ್ದವು. ಆಮೇಲೆ ಅವಳು ಕೇಳಿದಳು, ಓದಿದ ಮೇಲೂ ಯಾಕೆ ಹೇಳಲಿಲ್ಲ ಎಂದು. ಏಳು ತಿಂಗಳಿಂದ ಅವಳು ಈ ಉತ್ತರವನ್ನು ಬಗೆಬಗೆಯಾಗಿ ಊಹಿಸಿದ್ದಳು. ಜಾತಿ ಇರಬಹುದು, ಹೆಂಗಸೆಂಬ ತಾತ್ಸಾರವಿರಬಹುದು, ಸೊಕ್ಕಿರಬಹುದು.

ಇಂದ್ರೇಶ್ ನೆಲ ನೋಡುತ್ತ ಹೇಳಿದರು: "ರಿಪೋರ್ಟು ಆಮೇಲೆ ಬಂತು. ಅಷ್ಟರಲ್ಲಿ ಮಾತ್ರೆ ಶುರು ಮಾಡಿದ್ದೆ. ಟಿಬಿ ಅಂತ ಎಲ್ಲರ ಮುಂದೆ ಅಂದಿದ್ದೆ. ಒಂದು ತಿಂಗಳು ನೋಡೋಣ ಅಂದ್ಕೊಂಡೆ. ಆಮೇಲೆ... ಮರ್ತುಬಿಟ್ಟೆ."

ಅವರು ಹೋದ ಮೇಲೆ ಲತಾಮಣಿ ಆ ಹಾಳೆಯನ್ನು ಮಡಿಸಿ ಕಡತಕ್ಕೆ ಸೇರಿಸಿದಳು. ತನ್ನನ್ನು ಕಂಡರಾಗದೆ ಹಾಗೆ ಮಾಡಿದ್ದರೆ ಅವಳು ಹೇಗೋ ತಾಳಿಕೊಳ್ಳುತ್ತಿದ್ದಳೇನೋ. ಹತ್ತೊಂಬತ್ತು ವರ್ಷದಲ್ಲಿ ಒಬ್ಬ ಅಪರಿಚಿತ ರೈತನ ಪಹಣಿಯನ್ನೂ ಅವಳು ಮರೆತವಳಲ್ಲ. ಅವಳ ಜೀವವನ್ನು ಆ ಮನುಷ್ಯ ಮೇಜಿನ ಮೇಲಿಟ್ಟು ಮರೆತಿದ್ದ. ಅವಳು ಸೇಬಿನ ಚೀಲವನ್ನು ತಾಯಿಯ ಕೈಗೆ ಕೊಟ್ಟು, ಬೀದಿಯ ದನಕ್ಕೆ ಹಾಕಲು ಹೇಳಿದಳು.

ಮರುದಿನ ಬೆಳಿಗ್ಗೆ ಅವಳು ಆ ಹಾಳೆಯ ನಕಲು, ಕಾರ್ಬನ್ ಪ್ರತಿಯ ನಕಲು, ಬಟವಾಡೆ ಪುಸ್ತಕದ ನಕಲು ಎಲ್ಲ ಸೇರಿಸಿ, ಮೇಲೊಂದು ಅರ್ಜಿ ಬರೆದು, ಬೆಂಗಳೂರಿನ ವೈದ್ಯಕೀಯ ಪರಿಷತ್ತಿನ ವಿಳಾಸ ಹಾಕಿದಳು. ಶಾಂತಾದೇವಿಗೆ ಕಸಿವಿಸಿಯಾಯಿತು. ಮಾತು ಕೊಟ್ಟಿದ್ದೆಯಲ್ಲೇ ಎಂದರು.

"ಬೆಂಚಿಗೆ ಹೋಗಲ್ಲ ಅಂತ ಮಾತು ಕೊಟ್ಟೆ ಅಕ್ಕಾ. ಪೋಸ್ಟ್ ಆಫೀಸಿಗೆ ಹೋಗಲ್ಲ ಅಂತ ಅನ್ನಲಿಲ್ಲ."

ಶಾಂತಾದೇವಿ ಕರಡಿಗೆಯನ್ನು ಮುಟ್ಟಿಕೊಂಡರು. ಆಮೇಲೆ ಎದ್ದು ಆಟೋ ಕರೆಸಿದರು. ಪೋಸ್ಟ್ ಆಫೀಸಿನ ಮೆಟ್ಟಿಲು ಹತ್ತಲು ಲತಾಮಣಿಗೆ ಆಗಲಿಲ್ಲ. ಲಕೋಟೆಯನ್ನು ರಿಜಿಸ್ಟರ್ ಮಾಡಿಸಿ ರಸೀದಿ ತಂದುಕೊಟ್ಟವರು ಶಾಂತಾದೇವಿಯೇ.

ಜುಲೈಯಲ್ಲಿ ಇಂದ್ರೇಶರಿಗೆ ನೋಟಿಸು ಬಂತು, ಆಗಸ್ಟಿನಲ್ಲಿ ಅವರು ವಿಚಾರಣೆಗೆ ಎರಡು ಸಲ ಬೆಂಗಳೂರಿಗೆ ಹೋದರು. ತೀರ್ಪು ಬರುವ ಮೊದಲೇ, ಸೆಪ್ಟೆಂಬರಿನಲ್ಲಿ, ಕ್ಲಿನಿಕ್ಕು ಮುಚ್ಚಿ ಹೆಂಡತಿಯ ಊರಿನ ಕಡೆ ಹೊರಟುಹೋದರು. ಪುಟ್ಟಸ್ವಾಮಿ ಒಂದು ಮೆಡಿಕಲ್ ಸ್ಟೋರಿಗೆ ಸೇರಿಕೊಂಡ. ಹುಲಿಕೆರೆಯ ಮುದ್ದಮ್ಮ ಮೊಮ್ಮಗಳನ್ನು ಎತ್ತಿಕೊಂಡು ಹಾಸನಕ್ಕೆ ಎರಡು ಬಸ್ಸು ಬದಲಿಸಿ ಹೋಗುತ್ತಾಳೆಂದು ಮಾದಮ್ಮ ಸುದ್ದಿ ತಂದಳು. ಅದನ್ನು ಕೇಳಿ ಲತಾಮಣಿ ಗೋಡೆ ಕಡೆ ಹೊರಳಿದಳು. ಅದು ತನ್ನ ಲೆಕ್ಕಕ್ಕೇ ಸೇರಿದ್ದೆಂದು ಅವಳಿಗೆ ಗೊತ್ತಿತ್ತು. ಆದರೆ ಮತ್ತೆ ಅವಕಾಶ ಸಿಕ್ಕರೂ ತಾನು ಇದನ್ನೇ ಮಾಡುತ್ತೇನೆಂಬುದೂ ಗೊತ್ತಿತ್ತು.

ಬೆಂಗಳೂರಿನ ಓಡಾಟ ನಿಂತಿತ್ತು. ಶ್ವಾಸಕೋಶಕ್ಕೆ ನೀರು ತುಂಬುತ್ತಿತ್ತು, ಹಾಸಿಗೆಯ ಪಕ್ಕಕ್ಕೆ ಆಕ್ಸಿಜನ್ ಸಿಲಿಂಡರ್ ಬಂದಿತ್ತು. ಹೋಗಲು ಕ್ಲಿನಿಕ್ಕೇ ಇಲ್ಲದಿದ್ದರೂ ಗುರುವಾರ ಹತ್ತು ಗಂಟೆಗೆ ಶಾಂತಾದೇವಿ, ಮಾದಮ್ಮ ಬಂದೇ ಬರುತ್ತಿದ್ದರು. ಒಬ್ಬರು ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿದರೆ ಇನ್ನೊಬ್ಬರು ಕಾಲು ಒತ್ತುತ್ತಿದ್ದರು. ದೇವೀರಮ್ಮನಿಗೆ ಒಂದು ಗಳಿಗೆ ಮಲಗಲು ಆಗುತ್ತಿದ್ದುದು ಆಗಲೇ. ಕ್ಲಿನಿಕ್ಕಿನ ಬೋರ್ಡನ್ನು ಇಳಿಸಿದ್ದನ್ನು ಶಾಂತಾದೇವಿ ಕಣ್ಣಾರೆ ಕಂಡಿದ್ದರು. ಅದನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದಳು ಲತಾಮಣಿ. ಒಂದು ಮೊಳೆ ಸಡಿಲಾಗದೆ ಬೋರ್ಡು ಅರ್ಧ ಗಂಟೆ ಓರೆಯಾಗಿ ನೇತಾಡಿದ ಭಾಗ ಬಂದಾಗ ಅವಳಿಗೆ ನಗು ಬರುತ್ತಿತ್ತು, ನಕ್ಕರೆ ಕೆಮ್ಮು ಬರುತ್ತಿತ್ತು. ಸಾಕು ಕಣೇ ಎಂದು ಅವರು ನಿಲ್ಲಿಸಿದರೆ ಕೈಸನ್ನೆಯಲ್ಲೇ ಮುಂದೆ ಹೇಳಿ ಎನ್ನುತ್ತಿದ್ದಳು.

ಅಕ್ಟೋಬರಿನಲ್ಲಿ ಇಂದ್ರೇಶ್ ಚಿಕ್ಕಮ್ಮನ ಮೂಲಕ ಹೇಳಿ ಕಳಿಸಿದರು, ಒಂದು ಸಲ ಬಂದು ನೋಡಿ ಹೋಗುತ್ತೇನೆ ಎಂದು. ಲತಾಮಣಿ ಮೂತಿಯ ಮೇಲಿನ ಮಾಸ್ಕನ್ನು ಸರಿಸಿ, "ಬೇಡ" ಎಂದಳು.

ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ, ದೇವೀರಮ್ಮ ಗಂಜಿ ಆರಿಸುತ್ತಿರುವಾಗ, ಅವಳ ಉಸಿರು ನಿಂತಿತು. ಮಣ್ಣಿಗೆ ಬಂದವರಲ್ಲಿ ಒಬ್ಬ ಹಿರಿಯರು, ಒಳ್ಳೆಯ ಮನಸ್ಸಿನಿಂದಲೇ, ಕೊನೆಗಾಲದಲ್ಲಿ ಆ ಡಾಕ್ಟರನ್ನು ಕ್ಷಮಿಸಿ ಹೋದಳೇನಮ್ಮ ಎಂದು ತಾಯಿಯನ್ನು ಕೇಳಿದರು.

ದೇವೀರಮ್ಮ ಮಗಳ ಹಣೆಯ ಮೇಲಿನ ಚೂರು ಕೂದಲನ್ನು, ಆಗತಾನೇ ಮತ್ತೆ ಚಿಗುರುತ್ತಿದ್ದುದನ್ನು, ಬೆರಳಲ್ಲಿ ಹಿಂದಕ್ಕೆ ಸವರಿದಳು.

"ಇಲ್ಲ ಕಣಪ್ಪ. ಅವ್ಳೂ ಇಲ್ಲ, ನಾನೂ ಇಲ್ಲ."